ಬ್ರಿಟನ್ ಹೊರಡದೆ ಸೋದರಮಾವ ಹೊರಡುವಂತಿಲ್ಲ

ಬೇರೆಯವರ ಜಗಳದಿಂದ ಹೊಟ್ಟೆ ಹೊರೆಯುವ ಆಫೀಸಿನಲ್ಲಿ ಕೆಲಸ ಮಾಡಿದರೆ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಆಫೀಸಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ. ಬ್ರಿಟನ್ನಿಗೂ ಯುರೋಪಿಗೂ ನಡುವೆ ಸಾಮಾನು ಹೊತ್ತು ಓಡಾಡುವ ಲಾರಿಗಳಿಗೆ ಬೇಕಾದ ಕಾಗದಪತ್ರ ಮುದ್ರಿಸಿಕೊಡುವ ಸಾಫ್ಟ್‌ವೇರು ನಮ್ಮದು. ಬ್ರಿಟನ್ ಯುರೋಪಿನ ಒಕ್ಕೂಟದೊಳಗೆ ಇರುವ ತನಕ ಆ ಲಾರಿಗಳನ್ನು ಯಾರೂ ಹೆಚ್ಚು ಕೇಳುವುದಿಲ್ಲ. ಹೊರಬಿದ್ದ ಕ್ಷಣದಿಂದ ಒಂದೊಂದು ಈರುಳ್ಳಿ ಮೂಟೆಗೂ ಜಾತಕ ಬೇಕು.

ಆ ದೇಶದ ಜನ ವೋಟು ಹಾಕಿ "ಹೊರಗೆ ಹೋಗೋಣ" ಅಂದಿದ್ದರು. ಹೇಗೆ ಹೋಗುವುದು ಅಂತ ಅವರ ಪಾರ್ಲಿಮೆಂಟಿಗೆ ತೀರ್ಮಾನಿಸಲು ಆಗಲಿಲ್ಲ. ಗಡುವು ಬರುವುದು, ಮುಂದೆ ಹೋಗುವುದು, ಮತ್ತೆ ಬರುವುದು. ಹೋಗಬೇಕು ಅನ್ನುವವರೂ ಬೈದರು, ಇರಬೇಕು ಅನ್ನುವವರೂ ಬೈದರು. ಆದರೆ ಆ ವರ್ಷ ಬ್ರಿಟನ್ ಪಾರ್ಲಿಮೆಂಟಿಗೆ ಅತಿ ಹೆಚ್ಚು ಶಾಪ ಹಾಕಿದ ಊರು ಯಾವುದು ಅಂತ ಕೇಳಿದರೆ ನಾನು ಲಂಡನ್ ಅನ್ನುವುದಿಲ್ಲ, ಉಡುಪಿ ಅನ್ನುತ್ತೇನೆ. ಅದಕ್ಕೆ ಕಾರಣ ನಾನೇ.

ಬದಲಿ ಮಾವ

ಬ್ರಿಟನ್ ಹೊರಟ ದಿನ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟಲು ನಾವೊಂದು ಗುಂಡಿ ಮಾಡಿಟ್ಟಿದ್ದೆವು. ಸ್ಕ್ರೀನಿನ ಮೇಲೆ ಕೆಂಪಗೆ, ಕುಂಕುಮದ ಬೊಟ್ಟಿನ ಹಾಗೆ ಕೂತಿರುತ್ತಿತ್ತು. ಒತ್ತುವ ಹೊಣೆ ನನ್ನದು. ಹೆಚ್ಚುಕಮ್ಮಿಯಾದರೆ ಬಂದರಿನಲ್ಲಿ ಟೊಮೆಟೊ ಕೊಳೆಯುತ್ತವೆ, ಹಾಗಾಗಿ ನಮ್ಮ ಡೈರೆಕ್ಟರಮ್ಮ, ಬಹಳ ಶಿಸ್ತಿನ ಅಮೆರಿಕನ್ ಹೆಂಗಸು, ಒಂದು ಕಟ್ಟಪ್ಪಣೆ ಹೊರಡಿಸಿದ್ದರು: "ಬ್ರಿಟನ್ ಹೊರಡುವ ತನಕ ಈ ಟೀಮಿನಲ್ಲಿ ಯಾರಿಗೂ ರಜೆ ಇಲ್ಲ."

ಬ್ರಿಟನ್ ಮಾರ್ಚ್ ಕೊನೆಗೆ ಹೊರಡುವುದಿತ್ತು. ಉಡುಪಿಯಲ್ಲಿ ನನ್ನ ಅಕ್ಕನ ಮಗಳ ಮದುವೆ ಏಪ್ರಿಲ್ ನಡುವಿಗೆ. ಎಲ್ಲ ಲೆಕ್ಕಾಚಾರ ಪಕ್ಕಾ. ಅಷ್ಟರಲ್ಲಿ ಗಡುವು ಏಪ್ರಿಲ್‌ಗೆ ಜಾರಿತು. ನಾನು ಧೈರ್ಯವಾಗಿಯೇ ಡೈರೆಕ್ಟರಮ್ಮನ ರೂಮಿಗೆ ಹೋದೆ.

"ಯಾರ ಮದುವೆ?"

"ಅಕ್ಕನ ಮಗಳದು."

"ಹಾಗಾದರೆ ನೀನು ಬರೀ ಅತಿಥಿ."

"ಅತಿಥಿ ಅಲ್ಲ, ಸೋದರಮಾವ. ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಾದವನು ನಾನೇ."

ಅವರ ಮುಖದಲ್ಲಿ ನಿಜವಾದ ಕನಿಕರ ಮೂಡಿತು. "ಅಯ್ಯೋ, ಅವಳ ಕಾಲಿಗೆ ಏನಾಯಿತು?"

"ಕಾಲು ಗಟ್ಟಿಮುಟ್ಟಾಗಿದೆ. ಅದು ಶಾಸ್ತ್ರ."

"ಅಪ್ಪ ಕರೆದುಕೊಂಡು ಬರಬಹುದಲ್ಲ?"

"ಆ ಹೊತ್ತಿಗೆ ಅಪ್ಪ ಮಂಟಪದಲ್ಲಿ ಬೇರೆ ಕೆಲಸದಲ್ಲಿ ಇರುತ್ತಾರೆ. ಅಳಿಯನ ಕಾಲು ತೊಳೆಯಬೇಕು."

ಆ ಮನೆಯವರ ಕಾಲಿನ ವಿಚಾರವೇ ಡೈರೆಕ್ಟರಮ್ಮನಿಗೆ ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ನಮ್ಮ ಆಫೀಸಿನಲ್ಲಿ ಪ್ರತಿಯೊಂದಕ್ಕೂ ಬದಲಿ ವ್ಯವಸ್ಥೆ ಉಂಟು, ಒಂದು ಕಂಪ್ಯೂಟರು ಕೆಟ್ಟರೆ ಇನ್ನೊಂದು ಏಳುತ್ತದೆ. ಅದೇ ಅಭ್ಯಾಸದಲ್ಲಿ ಕೇಳಿದರು: "ನಿಮ್ಮಲ್ಲಿ ಬ್ಯಾಕಪ್ ಅಂಕಲ್ ಇಲ್ಲವಾ?"

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ, ಉಡುಪಿ ಬಿಟ್ಟು ವರ್ಷಗಳಾದರೂ ಮಾತು ಉಡುಪಿಯದೇ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಆ ಹೆಂಗಸು ಹೇಳುದು ಸರಿಯೇ ಉಂಟು. ಇನ್ನೊಂದು ಗಂಡು ಇರ್ಲಿ ಅಂತ ನಾನು ಆಗ್ಲೇ ಹೇಳಿದ್ದೆ. ನಿನ್ನ ಅಪ್ಪ ಕೇಳ್ಬೇಕಲ್ಲ!"

ಉಪ್ಪಿಟ್ಟಿನ ಬಹುಮತ

ನಮ್ಮ ಲಂಡನ್ ಶಾಖೆಯ ಮ್ಯಾನೇಜರ್ ಬಹಳ ಸಭ್ಯ ಮನುಷ್ಯ. ಬೆಳಿಗ್ಗೆ ನಾನು ಇಡ್ಲಿ ತಿನ್ನುವ ಹೊತ್ತಿಗೆ ಅವರ ಸಂಜೆ, ಆಗ ವಿಡಿಯೋ ಮೀಟಿಂಗು. ಸಿಟ್ಟು ಬಂದರೆ ಅವರು ಇನ್ನಷ್ಟು ಸಭ್ಯರಾಗುತ್ತಾರೆ. ಆ ದಿನಗಳಲ್ಲಿ ಅವರ ಸಭ್ಯತೆ ನೋಡಿದರೆ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಹೇಳಿದರು, "ನಿನ್ನೆ ನಮ್ಮ ಪಾರ್ಲಿಮೆಂಟಿನ ಮುಂದೆ ಇರುವ ದಾರಿಗಳನ್ನೆಲ್ಲ ಸಾಲಾಗಿ ಇಟ್ಟು ವೋಟು ಹಾಕಿ ಅಂದರು. ಒಪ್ಪಂದ ಮಾಡಿಕೊಂಡು ಹೋಗೋಣವಾ, ಬೇಡ. ಒಪ್ಪಂದ ಇಲ್ಲದೆ ಹೋಗೋಣವಾ, ಬೇಡ. ಅರ್ಧ ಹೋಗೋಣವಾ, ಬೇಡ. ಹೋಗುವುದೇ ಬೇಡವಾ, ಅದೂ ಬೇಡ. ಇಂಥದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?"

"ಇಲ್ಲೇ, ಹೋದ ವಾರ," ಅಂದೆ.

ಯುಗಾದಿಗೆ ನಮ್ಮ ಸುತ್ತಮುತ್ತಲಿನ ಕನ್ನಡದವರದು ಪಾರ್ಕಿನಲ್ಲಿ ಪಿಕ್‌ನಿಕ್ಕು. ಅರ್ಧ ಜನ ಬೆಂಗಳೂರು ಮೈಸೂರಿನವರು, ಅರ್ಧ ಉಡುಪಿ ಮಂಗಳೂರಿನವರು. ಊಟಕ್ಕೆ ಏನು ಮಾಡುವುದು ಅಂತ ಫೋನಿನ ಗುಂಪಿನಲ್ಲಿ ವೋಟು. ಬಿಸಿಬೇಳೆಬಾತ್ ಅಂದರೆ ಕರಾವಳಿಯವರು ಬಿಡಲಿಲ್ಲ. ನೀರುದೋಸೆ ಅಂದರೆ ಮೈಸೂರಿನವರು "ಅಷ್ಟು ಜನಕ್ಕೆ ಹುಯ್ಯೋರು ಯಾರ್ರೀ" ಅಂದರು. ಪುಳಿಯೋಗರೆ ಬಿತ್ತು. ವಾಂಗಿಬಾತ್ ಬಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನುವಲ್ಲಿ ಒಬ್ಬರು "ನಾವು ಈ ಗುಂಪೇ ಬಿಡ್ತೇವೆ" ಅಂದರು. ಅಂದವರು ಬಿಡಲಿಲ್ಲ, ಸಂಜೆ ಮತ್ತೆ ಬೆಲ್ಲದ ಬಗ್ಗೆ ಬರೆದರು.

ಲಂಡನ್ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. "ಕೊನೆಗೆ ಏನು ಮಾಡಿದಿರಿ?"

"ಉಪ್ಪಿಟ್ಟು ಆಯಿತು. ಅದನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಯಾರೂ ಸೋಲಲಿಲ್ಲ."

ಉಪ್ಪಿಟ್ಟು ಅಂದರೆ ಏನು ಅಂತ ವಿವರಿಸಿದೆ. ರವೆಯದು, ಯಾರಿಗೂ ಬೇಡ, ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಅವರು ತಲೆಯಾಡಿಸಿದರು.

"ಅಂಥದ್ದೊಂದು ನಮ್ಮ ಪ್ರಧಾನಿಯೂ ಮಾಡಿಟ್ಟಿದ್ದಾರೆ. ಒಂದೇ ಉಪ್ಪಿಟ್ಟನ್ನು ಮೂರು ಸಲ ಬಿಸಿ ಮಾಡಿ ತಂದು ಬಡಿಸಿದರು. ಮೂರು ಸಲವೂ ಬೇಡ ಅಂದರು."

ಬೀಗರ ಅನುಮಾನ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ ಏಪ್ರಿಲ್ ಮದುವೆ ಮುಂದೆ ಹೋಯಿತು. ಮೇ ತಿಂಗಳಿಗೆ ಛತ್ರ ಸಿಗಲಿಲ್ಲ. ಆಮೇಲೆ ಆಷಾಢ, ಪಿತೃಪಕ್ಷ ಅಂತ ದಾಟಿ ಮುಹೂರ್ತ ನವೆಂಬರಿಗೆ ಹೋಗಿ ಬಿತ್ತು. ಬ್ರಿಟನ್ನಿನ ಹೊಸ ಗಡುವು ಅಕ್ಟೋಬರ್ ಕೊನೆ. "ಈ ಸಲ ಗ್ಯಾರಂಟಿ" ಅಂತ ನಾನು ಅಕ್ಕನಿಗೆ ಮಾತು ಕೊಟ್ಟೆ. ಬ್ರಿಟನ್ನಿನ ಪರವಾಗಿ ಮಾತು ಕೊಡಲು ನಾನು ಯಾರು ಅಂತ ನೀವು ಕೇಳಬಹುದು, ನನ್ನ ಸ್ವಭಾವವೇ ಹಾಗೆ.

ಅಕ್ಕನ ಮನೆಯಲ್ಲಿ ಅಷ್ಟು ಹೊತ್ತಿಗೆ ಧಾರಾವಾಹಿ ನಿಂತು ಬ್ರಿಟನ್ನಿನ ಪಾರ್ಲಿಮೆಂಟು ಶುರುವಾಗಿತ್ತು. ಭಾವ ಎರಡು ಪಕ್ಷದವರಿಗೂ ಸಮನಾಗಿ ಬೈಯುತ್ತಿದ್ದರು. ಹೂವಿನವನು, ಓಲಗದವನು, ಅಡಿಗೆ ಭಟ್ಟರು ಎಲ್ಲರೂ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು: "ಲಂಡನ್‌ನಲ್ಲಿ ಎಂತ ಆಯ್ತು ಅಕ್ಕಾ?"

ಆದರೆ ಹುಡುಗನ ಅಪ್ಪ, ಅಂದರೆ ನಮ್ಮ ಬೀಗರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರಾದವರು. ಜನ ಹೇಳುವ ಕಾರಣಗಳನ್ನು ನಂಬದೇ ಇರುವುದು ಅವರ ವೃತ್ತಿಯ ಗುಣ. ಒಂದು ದಿನ ನನಗೇ ಫೋನ್ ಮಾಡಿದರು.

"ನೋಡಿ ಮಾರಾಯ್ರೆ, ನಾನು ನೇರ ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಕೆಲಸ ಹೋಗಿದ್ಯಾ?"

"ಇಲ್ಲ. ಕೆಲಸ ಇರೋದೇ ತೊಂದರೆ."

"ಮನೆಯಲ್ಲಿ ಎಂತಾದ್ರೂ ಗಲಾಟೆ? ಅಕ್ಕನ ಒಟ್ಟಿಗೆ ಆಸ್ತಿದು ಎಂತಾದ್ರೂ?"

"ಏನೂ ಇಲ್ಲ. ಬ್ರಿಟನ್ ಯುರೋಪಿನಿಂದ ಹೊರಗೆ ಹೋದ ಮಾರನೇ ದಿನ ನಾನು ವಿಮಾನ ಹತ್ತುತ್ತೇನೆ."

"ಅಂದ್ರೆ ಉಡುಪಿಯಲ್ಲಿ ನನ್ನ ಮಗನ ಮದುವೆ ಆಗ್ಬೇಕಾದ್ರೆ ಬ್ರಿಟಿಷರು ಎದ್ದು ಹೋಗ್ಬೇಕು?"

"ಹೌದು."

ಸಂಬಂಧ ಇಲ್ಲಿಗೇ ಮುರಿಯಿತು ಅಂದುಕೊಂಡೆ. ಅಕ್ಕನ ಮಗಳಿಗೆ ಆ ಹುಡುಗನನ್ನು ಕಂಡರೆ ಪ್ರಾಣ, ಅದು ಮನೆಯವರಿಗೆಲ್ಲ ಗೊತ್ತು. ಬೀಗರು ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ನೀವು ಹೇಳುದು ಸತ್ಯವೇ ಇರ್ಬೇಕು. ನಮ್ಮಲ್ಲಿಂದ ಹೋಗಿ ಹೋಗಿ ಅಂದ್ರೂ ಅವ್ರು ಹೋಗ್ಲಿಲ್ಲ. ಅಲ್ಲಿಂದ ಹೋಗ್ತೇವೆ ಹೋಗ್ತೇವೆ ಅಂತ ಅವ್ರೇ ಹೇಳಿದ್ರೂ ಹೋಗುದಿಲ್ಲ. ಹುಟ್ಟುಗುಣ, ಸುಟ್ಟರೂ ಹೋಗ್ಲಿಕ್ಕಿಲ್ಲ ಮಾರಾಯ್ರೆ!"

ಬೆಳ್ಳುಳ್ಳಿಗೆ ಬಂದ ಯೋಗ

ಸೆಪ್ಟೆಂಬರಿನಲ್ಲಿ ಸಹಾಯವಾಣಿಗೆ ಬರುವ ಕರೆಗಳನ್ನು ನಾವೂ ಸರದಿಯ ಮೇಲೆ ತೆಗೆದುಕೊಳ್ಳಬೇಕಾಯಿತು. ನಮ್ಮ ಗ್ರಾಹಕರೆಲ್ಲ ರೋಸಿಹೋಗಿದ್ದರು. ಬೈಯುವುದಕ್ಕೆ ಪಾರ್ಲಿಮೆಂಟಿನವರು ಸಿಗುವುದಿಲ್ಲ, ನಾವು ಸಿಗುತ್ತೇವೆ.

ಒಬ್ಬ ವ್ಯಾಪಾರಿ, ಇಂಗ್ಲೆಂಡಿನ ಕೆಂಟ್ ಕಡೆಯವನು, ಸ್ಪೇನಿನಿಂದ ಬೆಳ್ಳುಳ್ಳಿ ತರಿಸಿ ಮಾರುವವನು. ಬ್ರಿಟನ್ ಹೊರಬಿದ್ದರೆ ಮಾಲು ತಡವಾಗುತ್ತದೆ ಅಂತ ಹೆದರಿ ಮೊದಲ ಗಡುವಿಗೇ ಗೋದಾಮಿನ ತುಂಬ ತುಂಬಿಸಿಟ್ಟಿದ್ದ. ಗಡುವು ಹೋಯಿತು, ಬೆಳ್ಳುಳ್ಳಿ ಮೊಳಕೆ ಬಂತು. ಅದನ್ನು ಎಸೆದು ಎರಡನೆಯದಕ್ಕೆ ಮತ್ತೆ ತುಂಬಿಸಿದ. ಅದೂ ಮೊಳಕೆ. ಈಗ ಮೂರನೆಯದಕ್ಕೆ ಗೋದಾಮು ತುಂಬಿಸಿ ನನಗೆ ಫೋನು.

"ನೀವು ಕ್ಯಾಲಿಫೋರ್ನಿಯಾದವರು ತಾನೇ? ಅಲ್ಲಿ ಬೆಳ್ಳುಳ್ಳಿಯದೇ ಒಂದು ಊರಿದೆಯಂತೆ?"

"ಗಿಲ್‌ರಾಯ್. ಕಾರಿನ ಗಾಜು ಏರಿಸಿದ್ದರೂ ಊರು ಬಂದದ್ದು ಗೊತ್ತಾಗುತ್ತೆ."

"ಅವರು ಉಳಿದದ್ದನ್ನು ಏನು ಮಾಡುತ್ತಾರೆ ಕೇಳಿ ಹೇಳಿ. ಈ ಗೋದಾಮೂ ಮೊಳಕೆ ಬಂದರೆ ನಾನು ಪಾರ್ಲಿಮೆಂಟಿನ ಬಾಗಿಲಿಗೆ ತಂದು ಸುರಿಯುತ್ತೇನೆ."

ಗಿಲ್‌ರಾಯ್‌ವರೆಗೆ ಯಾಕೆ ಹೋಗುವುದು, ಅಮ್ಮನನ್ನೇ ಕೇಳಿದೆ. ಅಮ್ಮ ಬೆಳ್ಳುಳ್ಳಿ ಮುಟ್ಟುವುದಿಲ್ಲ, ನಮ್ಮ ಮನೆಯೊಳಕ್ಕೆ ಅದು ಬರುವುದೂ ಇಲ್ಲ. ಆದರೆ ಹಾಳಾಗುತ್ತದೆ ಅಂದರೆ ಅವರ ಕರುಳು ಚುರುಕ್ಕೆನ್ನುತ್ತದೆ. "ಅದರ ಹೆಸರು ಹೇಳ್ಬೇಡ. ಮಾವಿನ ಮಿಡಿ ಅಂತ ತಿಳ್ಕೊಂಡು ಉಪ್ಪಿನಕಾಯಿ ಹೇಳ್ತೇನೆ, ಬರ್ಕೋ" ಅಂದು ಉಪ್ಪು ಎಷ್ಟು, ಖಾರ ಎಷ್ಟು, ಸಾಸಿವೆ ಹುರಿಯಬೇಕೋ ಬೇಡವೋ ಎಲ್ಲ ಹೇಳಿದರು. ನಾನು ಮಿಡಿ ಇದ್ದ ಕಡೆಯೆಲ್ಲ ಬೆಳ್ಳುಳ್ಳಿ ಅಂತ ಬರೆದು ಕಳಿಸಿದೆ.

ಒಂದು ತಿಂಗಳು ಅವನ ಸುದ್ದಿಯಿಲ್ಲ. ಅಕ್ಟೋಬರ್ ಕೊನೆಗೆ ಮತ್ತೆ ಫೋನು. ಈ ಸಲವೂ ಹೊರಡುವುದಿಲ್ಲ, ಜನವರಿ ಕೊನೆಗೆ ಅಂತ ಆಗಷ್ಟೇ ಸುದ್ದಿ ಬಂದಿತ್ತು. ನಾನು ಬೈಗುಳಕ್ಕೆ ಸಿದ್ಧನಾಗಿ ಫೋನೆತ್ತಿದೆ. ಅವನ ದನಿಯಲ್ಲಿ ಹಬ್ಬದ ಕಳೆ.

"ಉಪ್ಪಿನಕಾಯಿ ಅಂಗಡಿಗಳಿಗೆ ಸಾಲುತ್ತಿಲ್ಲ. ಇನ್ನೂ ಮೂರು ತಿಂಗಳು ಅಂದರಲ್ಲ, ಒಳ್ಳೆಯದೇ ಆಯಿತು. ನಿಮ್ಮ ತಾಯಿಗೆ ಹೇಳಿ, ಈ ಪಾರ್ಲಿಮೆಂಟು ಮುಂದೂಡಿದಷ್ಟೂ ಚೆನ್ನಾಗಿ ನೆನೆಯುತ್ತದೆ!"

ಹೋದರೆ ಒಂದೇ ಚಾಕೊಲೇಟು

ಆ ಅಕ್ಟೋಬರ್ ಕೊನೆಯ ದಿನ ಇಲ್ಲಿ ಹ್ಯಾಲೋವೀನ್. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟು ಕೇಳುತ್ತಾರೆ. ನನ್ನ ಮಗಳು ಆರನೇ ಕ್ಲಾಸು. ಮನೆಯಲ್ಲಿ ದಿನಬೆಳಗಾದರೆ ಇದೇ ಪುರಾಣ ಕೇಳಿ ಕೇಳಿ, "ನಾನು ಬ್ರಿಟನ್ ವೇಷ ಹಾಕ್ತೀನಿ" ಅಂತ ಇಂಗ್ಲಿಷಿನಲ್ಲಿ ಘೋಷಿಸಿದಳು. ನನ್ನ ಕೋಟು, ಒಂದು ಕೊಡೆ, ಕಾಗದದ ಟೋಪಿ. ಮುಗಿಯಿತು ವೇಷ.

ನಾನು ಹಿಂದೆ ಹಿಂದೆ ಹೋದೆ. ಮನಸ್ಸು ಸರಿಯಿರಲಿಲ್ಲ. ಹಿಂದಿನ ದಿನವೇ ಡೈರೆಕ್ಟರಮ್ಮ "ಜನವರಿ ಅನ್ನುತ್ತಾರೆ, ಆದರೆ ಅದಕ್ಕೆ ಮುಂಚೆ ಯಾವ ದಿನವೂ ಹೊರಡಬಹುದಂತೆ, ಆದ್ದರಿಂದ ರಜೆ ಇಲ್ಲ" ಅಂದಿದ್ದರು. ನವೆಂಬರ್ ಮದುವೆಯೂ ಹೋಯಿತು. ಬೀಗರು ಈ ಸಲ ತಮಾಷೆ ಮಾಡಲಿಲ್ಲ. "ಫೆಬ್ರವರಿ ಮುಹೂರ್ತವೇ ಕೊನೆ. ಅದೂ ತಪ್ಪಿದ್ರೆ ನಾವು ಬೇರೆ ಕಡೆ ನೋಡ್ತೇವೆ" ಅಂದರು. ನಾನಿಲ್ಲದೆಯೇ ಮುಗಿಸಿಬಿಡಿ ಅಂತ ನಾನೇ ಹೇಳಿದೆ. ಅಕ್ಕನ ಮಗಳು ಫೋನ್ ಕಸಿದುಕೊಂಡು, "ಚಿಕ್ಕವಳಿದ್ದಾಗ ಸಮುದ್ರ ತೋರಿಸ್ಲಿಕ್ಕೆ ಹೆಗಲ ಮೇಲೆ ಕೂರಿಸ್ಕೊಂಡು ಹೋದದ್ದು ಯಾರು ಮಾವಾ? ನೀನು ಬರದೆ ನಾನು ಮಂಟಪಕ್ಕೆ ಬರುದಿಲ್ಲ" ಅಂದಳು. ನನಗೆ ಅಳು ಬಂತು. ಅವಳಿಗೆ ಕೇಳಿಸಬಾರದು ಅಂತ ಕೆಮ್ಮಿದೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ನಡೆಯುತ್ತಿದ್ದವನಿಗೆ ಮಗಳ ವ್ಯಾಪಾರ ಗಮನಕ್ಕೆ ಬರಲು ಎರಡು ಬೀದಿ ಹಿಡಿಯಿತು. ಉಳಿದ ಮಕ್ಕಳು ಒಂದೊಂದು ಚಾಕೊಲೇಟು ತೆಗೆದುಕೊಂಡು ಓಡುತ್ತಿದ್ದರು. ಇವಳು ಚಾಕೊಲೇಟು ತೆಗೆದುಕೊಂಡು, ಟೋಪಿ ಎತ್ತಿ, "ನಾನಿನ್ನು ಹೊರಟೆ" ಅಂತ ಗಂಭೀರವಾಗಿ ಹೇಳಿ ಅಲ್ಲೇ ನಿಲ್ಲುವಳು. ಮನೆಯವರು ಕಾಯುವರು. ಇವಳು ಮತ್ತೆ, "ಹೊರಟೆ." ಕದಲುವುದಿಲ್ಲ. ಒಳಗಿಂದ ಗಂಡನನ್ನು, ಅಜ್ಜನನ್ನು ಕರೆಯುವರು, ನಗುವರು, ಇನ್ನೊಂದು ಹಿಡಿ ಹಾಕುವರು.

ಮನೆಗೆ ಬಂದು ಚೀಲ ಸುರಿದರೆ ಬೀದಿಯ ಯಾವ ಮಗುವಿಗೂ ಅಷ್ಟು ಸಿಕ್ಕಿರಲಿಲ್ಲ. "ಇದು ಮೋಸ ಅಲ್ಲವಾ?" ಅಂತ ಕೇಳಿದೆ. ಅವಳು ಬಾಯಿ ತುಂಬ ಚಾಕೊಲೇಟಿಟ್ಟುಕೊಂಡು ಇಂಗ್ಲಿಷಿನಲ್ಲೇ ಸಮಾಧಾನವಾಗಿ ಹೇಳಿದಳು:

"ಡ್ಯಾಡ್, ಹೋಗಿಬಿಟ್ಟರೆ ಒಂದೇ ಚಾಕೊಲೇಟು. ಇದು ಅವರಿಗೆ ಯಾವಾಗಲೋ ಗೊತ್ತಾಗಿದೆ, ನಿಮಗೆ ಮಾತ್ರ ಗೊತ್ತಾಗಿಲ್ಲ."

ಅಮ್ಮ ಹೊರಟದ್ದು

ಅಂತೂ ಇಂತೂ ಅಲ್ಲಿ ಚುನಾವಣೆ ನಡೆಯಿತು, ಜನವರಿ ಕೊನೆಯ ಶುಕ್ರವಾರ ಬ್ರಿಟನ್ ಹೊರಡುವುದು ಖಚಿತವಾಯಿತು. ಲಂಡನ್‌ನ ರಾತ್ರಿ ಹನ್ನೊಂದು ಅಂದರೆ ನಮಗೆ ಮಧ್ಯಾಹ್ನ ಮೂರು ಗಂಟೆ. ಆಗ ನಾನು ಗುಂಡಿ ಒತ್ತುವುದು, ಸೋಮವಾರ ಅಮ್ಮನನ್ನು ಕರೆದುಕೊಂಡು ವಿಮಾನ ಹತ್ತುವುದು. ಡೈರೆಕ್ಟರಮ್ಮ ಒಪ್ಪಿದ್ದರು. ನಾನು ಅಕ್ಕನಿಗೆ "ಓಲಗದವನಿಗೆ ಹೇಳಿಬಿಡು" ಅಂದೆ.

ಅಮ್ಮ ಪಂಚಾಂಗ ತೆಗೆದರು. "ಸೋಮವಾರ ಕೃತ್ತಿಕೆ. ಪ್ರಯಾಣಕ್ಕೆ ಆಗುದಿಲ್ಲ. ಶುಕ್ರವಾರ ಅಶ್ವಿನಿ, ಒಳ್ಳೆದುಂಟು. ಶುಕ್ರವಾರವೇ ಹೊರಡುವ."

"ಅಮ್ಮಾ, ಟಿಕೆಟ್ ಇರೋದು ಸೋಮವಾರಕ್ಕೆ."

"ಟಿಕೆಟ್ ಸೋಮವಾರಕ್ಕೇ ಇರ್ಲಿ. ಶುಕ್ರವಾರ ಪ್ರಸ್ಥಾನ ಇಟ್ರೆ ಆಯ್ತು."

ನಮ್ಮ ಹಿರಿಯರ ಬುದ್ಧಿವಂತಿಕೆ ಇದು. ಒಳ್ಳೆಯ ದಿನ ಹೊರಡಲು ಆಗದಿದ್ದರೆ ಆ ದಿನ ನಿಮ್ಮ ಪೆಟ್ಟಿಗೆಯನ್ನು ಪಕ್ಕದ ಮನೆಗೆ ಕಳಿಸಿಬಿಡುವುದು. ಪೆಟ್ಟಿಗೆ ಹೊಸಿಲು ದಾಟಿತು ಅಂದರೆ ನೀವು ಹೊರಟಿರಿ ಅಂತಲೇ ಲೆಕ್ಕ. ಆಮೇಲೆ ಮನೆಯಲ್ಲೇ ಉಂಡುಟ್ಟುಕೊಂಡಿದ್ದು, ಮೂರು ದಿನದೊಳಗೆ ನಿಮಗೆ ಅನುಕೂಲವಾದಾಗ ಹೋಗಿ, ದಾರಿಯಲ್ಲಿ ಪೆಟ್ಟಿಗೆ ಎತ್ತಿಕೊಳ್ಳಬಹುದು. ಪೆಟ್ಟಿಗೆ ಮಾತ್ರ ಮನೆಗೆ ವಾಪಸ್ ಬರಬಾರದು.

ನಮ್ಮ ಪಕ್ಕದ ಮನೆಯಲ್ಲಿ ಇರುವವರು ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಅಮೆರಿಕನ್ ಅಜ್ಜಿ. ಶುಕ್ರವಾರ ಬೆಳಿಗ್ಗೆ ಸೂಟ್‌ಕೇಸು ಎಳೆದುಕೊಂಡು ಹೋಗಿ, "ನಮ್ಮ ಅಮ್ಮ ಇವತ್ತು ಮದುವೆಗೆ ಅಂತ ಇಂಡಿಯಾಕ್ಕೆ ಹೊರಟರು, ಇದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ" ಅಂದೆ. ಹೊರಟವರು ಸಾಮಾನು ಯಾಕೆ ಬಿಟ್ಟು ಹೋಗುತ್ತಾರೆ ಅಂತ ಆಕೆ ಕೇಳಲಿಲ್ಲ, ಒಳ್ಳೆಯ ಮನಸ್ಸು. ಹೊರಗೆ ಬಂದು ಅಮ್ಮನನ್ನು ತಬ್ಬಿಕೊಂಡು, "ಸುಖವಾಗಿ ಹೋಗಿ ಬನ್ನಿ" ಅಂತ ಕಣ್ಣೊರೆಸಿಕೊಂಡರು. ಅಮ್ಮ ಗಂಭೀರವಾಗಿ ಕೈಮುಗಿದು, ಒಳಗೆ ಹೋಗಿ ತಿಳಿಸಾರಿಗೆ ಒಗ್ಗರಣೆ ಹಾಕಿದರು.

ಮೂರು ಗಂಟೆಗೆ ಆಫೀಸಿನಲ್ಲಿ ಎಲ್ಲರೂ ನನ್ನ ಹಿಂದೆ ಸೇರಿದರು. ಸಮೋಸ, ಕೇಕು. ವಿಡಿಯೋದಲ್ಲಿ ಲಂಡನ್ ಮ್ಯಾನೇಜರ್. ಗಡಿಯಾರ ಮೂರು ತೋರಿಸಿತು. ನಾನು ಮನಸ್ಸಿನಲ್ಲೇ ಕೃಷ್ಣನನ್ನು ನೆನೆದು ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ.

ಲಂಡನ್ ಮ್ಯಾನೇಜರ್ ಕೆಮ್ಮಿದರು. "ಕ್ಷಮಿಸಿ. ಒತ್ತದೇ ಇದ್ದರೆ ಬಹುಶಃ ಅಷ್ಟೇನೂ ಅನನುಕೂಲವಾಗಲಿಕ್ಕಿಲ್ಲ."

"ಅಂದರೆ?" ಅಂದರು ಡೈರೆಕ್ಟರಮ್ಮ.

"ಅಂದರೆ ಒತ್ತಬೇಡಿ. ನಾವು ಹೊರಬಿದ್ದಿದ್ದೇವೆ, ಆದರೆ ಲಾರಿಗಳ ನಿಯಮವೆಲ್ಲ ಡಿಸೆಂಬರ್ ಕೊನೆಯ ತನಕ ಮೊದಲಿನ ಹಾಗೆಯೇ. ನಾನು ಪ್ರತಿ ಈಮೇಲಿನ ಕೊನೆಯಲ್ಲೂ ಬರೆದಿದ್ದೆನಲ್ಲ."

ಹೌದು, ಬರೆದಿದ್ದರು. 'ಮುಂದೆಯೂ ಕೆಲಕಾಲ ಎಲ್ಲವೂ ಹೀಗೆಯೇ ಇರಬಹುದೇನೋ ಎಂದು ಅನ್ನಿಸದೇ ಇರುವುದಿಲ್ಲ' ಅಂತ. ನಾವೆಲ್ಲ ಅದು ಬ್ರಿಟಿಷರು ಪತ್ರ ಮುಗಿಸುವ ರೀತಿ ಅಂದುಕೊಂಡಿದ್ದೆವು.

ಡೈರೆಕ್ಟರಮ್ಮ ಸಮೋಸ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಹಾಗಾದರೆ ಅವರು ನಿಜವಾಗಿ ಹೊರಟಿಲ್ಲ. ರಜೆ ಡಿಸೆಂಬರ್ ಆದ ಮೇಲೆಯೇ."

ನನಗೆ ಬೀಗರ ದನಿ ಕೇಳಿಸಿತು, ಅಕ್ಕನ ಮಗಳ ಮುಖ ಕಾಣಿಸಿತು. ಇನ್ನು ಸುಮ್ಮನಿದ್ದರೆ ಆ ಹುಡುಗಿಯ ಮದುವೆ ಮುರಿದವನು ನಾನೇ ಆಗುತ್ತೇನೆ. ಎದ್ದು ನಿಂತೆ.

"ಅವರು ಹೊರಟಿದ್ದಾರೆ. ನಮ್ಮ ಅಮ್ಮನೂ ಇವತ್ತು ಬೆಳಿಗ್ಗೆ ಹೊರಟರು."

"ಒಳ್ಳೆಯದು. ಈಗ ಎಲ್ಲಿದ್ದಾರೆ?"

"ಮನೆಯಲ್ಲಿ. ಊಟ ಮಾಡಿ ಮಲಗಿರುತ್ತಾರೆ."

"ಹಾಗಾದರೆ ಹೊರಟಿಲ್ಲ."

"ಹೊರಟಿದ್ದಾರೆ. ಪೆಟ್ಟಿಗೆ ಪಕ್ಕದ ಮನೆಯಲ್ಲಿದೆ." ಅಂತ ಪ್ರಸ್ಥಾನದ ಶಾಸ್ತ್ರವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಒಳ್ಳೆಯ ದಿನ ಬಿಡಬಾರದು, ಮನೆಯೂ ಬಿಡಲು ಆಗುವುದಿಲ್ಲ, ಆದ್ದರಿಂದ ಹೆಸರಿಗೆ ಹೊರಟು, ದೇಹಕ್ಕೆ ಇಲ್ಲೇ ಇದ್ದು, ಮೊದಲಿನ ಹಾಗೆಯೇ ತಿಳಿಸಾರು ಉಣ್ಣುವುದು. "ಶಾಸ್ತ್ರ ತಿಳಿದ ಯಾರನ್ನು ಬೇಕಾದರೂ ಕೇಳಿ. ನಮ್ಮ ಅಮ್ಮ ಹೊರಟಿಲ್ಲ ಅಂತ ಯಾರೂ ಹೇಳುವುದಿಲ್ಲ."

ಸ್ಕ್ರೀನಿನಲ್ಲಿ ಲಂಡನ್ ಮ್ಯಾನೇಜರ್ ಕನ್ನಡಕ ತೆಗೆದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಸಭ್ಯತೆ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಂತ್ರಿಗಳು ವಿವರಿಸಿದರು, ವಕೀಲರು ವಿವರಿಸಿದರು, ಟೀವಿಯವರು ವಿವರಿಸಿದರು. ನನ್ನ ದೇಶ ಏನು ಮಾಡಿದೆ ಅಂತ ನನಗೆ ಅರ್ಥವಾದದ್ದು ಈಗ. ಮೇಡಂ, ನಾವು ಹೊರಟಿದ್ದೇವೆ. ನಮ್ಮ ಪೆಟ್ಟಿಗೆ ಪಕ್ಕದ ಮನೆಯಲ್ಲಿದೆ."

ಡೈರೆಕ್ಟರಮ್ಮ ಶಿಸ್ತಿನವರು ಅಂದೆನಲ್ಲ, ಅವರ ಶಿಸ್ತೇ ನನ್ನನ್ನು ಕಾಪಾಡಿತು. "ಹೊರಡುವ ತನಕ ರಜೆ ಇಲ್ಲ ಅಂದಿದ್ದೆ. ಹೊರಟಿದ್ದೇವೆ ಅಂತ ಅವರೇ ಹೇಳುತ್ತಿದ್ದಾರೆ. ಮಾತು ಅಂದರೆ ಮಾತು. ಹೋಗು, ಆ ಹುಡುಗಿಯನ್ನು ಎತ್ತಿಕೋ. ಬೆನ್ನು ಹುಷಾರು."

ಶನಿವಾರ ಭಾನುವಾರ ಅಮ್ಮ ಕಿಟಕಿಯ ಪರದೆ ಸರಿಸಲು ಬಿಡಲಿಲ್ಲ. "ಹೊರಟವಳು ಕಿಟಕಿಯಲ್ಲಿ ಕಂಡ್ರೆ ಆ ಅಜ್ಜಿ ಎಂತ ಗ್ರಹಿಸಿಯಾಳು?" ಅಂತ. ಸೋಮವಾರ ಕಾರಿಗೆ ನನ್ನ ಸಾಮಾನು ತುಂಬಿ, ಅಮ್ಮನನ್ನು ಮುಂದೆ ಕೂರಿಸಿ, ಪಕ್ಕದ ಮನೆಯ ಮುಂದೆ ನಿಲ್ಲಿಸಿದೆ. ಪೆಟ್ಟಿಗೆ ತಾನೇ ಎತ್ತಿಕೊಳ್ಳಬೇಕು ಅಂತ ಅಮ್ಮ ರೇಷ್ಮೆ ಸೀರೆ ಸರಿಮಾಡಿಕೊಂಡು ಇಳಿದರು. ಬಾಗಿಲು ತೆರೆದ ಅಜ್ಜಿ ಅಮ್ಮನನ್ನು ಕಂಡು ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

"ಅಯ್ಯೋ, ಇಷ್ಟು ಬೇಗ ಬಂದುಬಿಟ್ಟಿರಾ! ಇಂಡಿಯಾ ಹೇಗಿತ್ತು? ಮದುವೆ ಚೆನ್ನಾಗಿ ಆಯಿತಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೂಟ್‌ಕೇಸಿನ ಹಿಡಿಕೆ ಹಿಡಿದುಕೊಂಡರು. ತಮಗೆ ಬರುವ ಇಂಗ್ಲಿಷಿನಲ್ಲಿ, ಒಂದು ಚೂರೂ ಅಳುಕಿಲ್ಲದೆ, ಅಜ್ಜಿಗೆ ಬಿಡಿಸಿ ಹೇಳಿದರು:

"ನಾಟ್ ಕಮಿಂಗ್. ಸ್ಟಿಲ್ ಗೋಯಿಂಗ್."